ಗ್ಯಾಸ್ ತುಂಬಿಸಿದರೆ ಕಾರಿನ ಎ.ಸಿ. ರಿಪೇರಿಯಾಗದು

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ಬಂತೆಂದರೆ ‘ಕಾರಿನ ಎ.ಸಿ.ಯಲ್ಲಿ ಬಿಸಿ ಗಾಳಿ ಬರ್ತಿದೆ’ ಎಂದು ಗ್ಯಾರೇಜಿಗೆ ಹೋದವರಿಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಗ್ಯಾಸ್ ಖಾಲಿಯಾಗಿದೆ, ತುಂಬಿಸೋಣ.’ ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಲ್ಲ. ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸ್‌ಗಳಿಂದ ವರ್ಷಗಟ್ಟಲೆ ಒಂದಿಷ್ಟು ಜಿನುಗುವುದುಂಟು. ಆದರೆ ಪ್ರತಿ ಬೇಸಿಗೆಗೂ ಕಡಿಮೆಯಾಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್ ಗಾಳಿಪಾಲು, ದುಡ್ಡೂ ಅದರ ಜೊತೆಗೇ.

ಗ್ಯಾಸಿಗೆ ಕೈಹಾಕುವ ಮೊದಲು ಮಾಲೀಕರೇ ನೋಡಬಹುದಾದ್ದು ಎಷ್ಟೋ ಇದೆ. ಗಾಳಿಯೇ ಕಡಿಮೆ ಬರುತ್ತಿದ್ದರೆ ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಬಿಚ್ಚಿ ನೋಡಿ. ಗಾಳಿ ಜೋರಾಗಿದ್ದೂ ಬಿಸಿಯಿದ್ದರೆ ಎಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತಿ, ಒಳಗಿದ್ದವರಿಂದ ಎ.ಸಿ. ಬಟನ್ ಒತ್ತಿಸಿ. ಕಂಪ್ರೆಸರ್ ಎಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್; ಅದನ್ನು ಎಂಜಿನ್ ಬೆಲ್ಟಿಗೆ ಜೋಡಿಸಿ ಬಿಡಿಸುವ ಭಾಗವೇ ಕ್ಲಚ್. ಕ್ಲಚ್ ಇರುವ ಕಂಪ್ರೆಸರ್ ಆದರೆ ಅದು ‘ಟಕ್’ ಎಂದು ಕಚ್ಚಿ, ಬೆಲ್ಟ್ ಸುತ್ತುವ ಪುಲ್ಲಿಯ ಮುಂದಿರುವ ತಟ್ಟೆಯೂ ಜೊತೆಗೆ ತಿರುಗಬೇಕು. ತಟ್ಟೆ ನಿಂತೇ ಇದ್ದರೆ ಫ್ಯೂಸ್ ನೋಡಿ. ಫ್ಯೂಸ್ ಬಾಕ್ಸಿನಲ್ಲಿ ಎ.ಸಿ. ರಿಲೇಯ (ಕ್ಲಚ್ಚಿಗೆ ವಿದ್ಯುತ್ ಹರಿಸುವ ಸ್ವಿಚ್) ನಂಬರಿನದೇ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಮುಂದಿನದು ಮೀಟರ್ ಹಿಡಿಯಬಲ್ಲವರ ಕೆಲಸ. ತಟ್ಟೆಯನ್ನು ಎಳೆದು ಹಿಡಿಯುವ ಕ್ಲಚ್ ಕಾಯಿಲಿಗೆ 12 ವೋಲ್ಟ್ ಬಂದೂ ಕಚ್ಚದಿದ್ದರೆ ಕಾಯಿಲ್ ಸುಟ್ಟಿದೆ, ಇಲ್ಲವೇ ತಟ್ಟೆ ಸವೆದು ಪುಲ್ಲಿಗೂ ಅದಕ್ಕೂ ನಡುವಿನ ಗ್ಯಾಪ್ ಹೆಚ್ಚಾಗಿದೆ. ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ಇರಬೇಕಾದ ಗ್ಯಾಪ್ ಅದು. ಎಷ್ಟೋ ಸಲ ಒಂದು ಶಿಮ್ (ತೆಳು ವಾಷರ್) ತೆಗೆದರೆ ಮುಗಿಯುವ ಈ ಕೆಲಸಕ್ಕೆ ಇಡೀ ಕಂಪ್ರೆಸರ್ ಬದಲಿಸುವುದು ಅನ್ಯಾಯ. ವೋಲ್ಟೇ ಬರದಿದ್ದರೆ ಗ್ಯಾಸ್ ತೀರಾ ಕಡಿಮೆಯಾಗಿ ಪ್ರೆಶರ್ ಸ್ವಿಚ್ ಕಟ್ ಮಾಡಿರಬಹುದು. ಕ್ಲಚ್ಚೇ ಇಲ್ಲದ ಹೊಸ ಮಾದರಿಯ ಕಂಪ್ರೆಸರ್‌ಗಳಿಗೆ ಈ ಪರೀಕ್ಷೆ ನಡೆಯದು. ಅವಕ್ಕೆ ಗ್ಯಾಸಿನ ಒತ್ತಡ ತೋರಿಸುವ ಗೇಜ್, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಎರಡೂ ಬೇಕು.

ಓಡುವಾಗ ತಂಪು, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ಎಂದಾದರೆ ಮೊದಲ ಅನುಮಾನ ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ ಭಾಗ) ಫ್ಯಾನಿನ ಮೇಲೆ. ಫ್ಯಾನ್ ತಿರುಗುತ್ತಿದ್ದರೆ ರೇಡಿಯೇಟರ್ ಮುಂದಿರುವ ಕಂಡೆನ್ಸರ್ ನೋಡಿ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಧೂಳಿಗೆ ಅದರ ಜಾಲರಿ ಕಟ್ಟಿಕೊಂಡಿರುತ್ತದೆ. ಎಂಜಿನ್ ಆರಿದ ಮೇಲೆ ಸಾದಾ ಪೈಪಿನ ನೀರಿನಿಂದ ತೊಳೆಯಬೇಕು. ವಾಟರ್ ಸರ್ವಿಸಿನ ಪ್ರೆಶರ್ ಗನ್ ಹತ್ತಿರದಿಂದ ಹಿಡಿದರೆ ತೆಳು ಅಲ್ಯೂಮಿನಿಯಂ ಫಿನ್‌ಗಳು ಮಡಚಿ, ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ.

ಗೇಜಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕಿದೆ. ಬಹುತೇಕ ಕಾರುಗಳಲ್ಲಿರುವ ಆರ್-134ಎ ಗ್ಯಾಸ್, ಎಂಜಿನ್ ನಿಂತಿರುವಾಗ 30 ಡಿಗ್ರಿ ಶಾಖದಲ್ಲಿ ಸುಮಾರು 97 ಪಿಎಸ್ಐ ಒತ್ತಡ ತೋರಿಸುತ್ತದೆ. ಒಳಗೆ ದ್ರವ ರೂಪದ ಗ್ಯಾಸ್ ತುಸು ಉಳಿದಿದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಹಾಗಾಗಿ ಗೇಜ್ ನೋಡಿ ‘ಅರ್ಧ ಇದೆ, ಇನ್ನರ್ಧ ಹಾಕೋಣ’ ಎನ್ನುವುದು ಬರೀ ಅಂದಾಜು. ಚಿಕ್ಕ ಕಾರುಗಳಿಗೆ ಹಿಡಿಯುವುದೇ ಸುಮಾರು 350ರಿಂದ 500 ಗ್ರಾಂ; ನಿಮ್ಮ ಕಾರಿನ ಅಳತೆ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಇರುತ್ತದೆ. 100 ಗ್ರಾಂ ಹೆಚ್ಚಾದರೂ ಹೈ ಸೈಡ್ (ಕಂಪ್ರೆಸರಿನಿಂದ ಗ್ಯಾಸ್ ಹೊರಡುವ ಕಡೆ) ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ. ಕಾರು ಚಾಲೂ ಇದ್ದಾಗ ಲೋ ಸೈಡ್ (ಕಂಪ್ರೆಸರಿಗೆ ಗ್ಯಾಸ್ ವಾಪಸು ಬರುವ ಕಡೆ) ಏರಿ, ಹೈ ಸೈಡ್ ಇಳಿದು ಎರಡೂ ಹತ್ತಿರ ಬಂದರೆ ಕಂಪ್ರೆಸರ್ ಸೋತಿದೆ ಎನ್ನಬಹುದು. ಎರಡೂ ಕಡಿಮೆ ಇದ್ದರೆ ಮಾತ್ರ ಗ್ಯಾಸಿನ ಮಾತು.

ಸೋರುವ ಜಾಗದಲ್ಲಿ ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲೂ ಹೊರಬರುತ್ತದೆ. ಅದಕ್ಕೆ ಧೂಳು ಮೆತ್ತಿ ಪೈಪಿನ ಜಾಯಿಂಟಿನಲ್ಲೋ ಕಲ್ಲೇಟು ಬಿದ್ದ ಕಂಡೆನ್ಸರಿನಲ್ಲೋ ಕಪ್ಪನೆಯ ಒದ್ದೆ ಕಲೆ ಕಾಣುತ್ತದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಚಾರ್ಜಿಂಗ್ ವಾಲ್ವಿನ ಪ್ಲಾಸ್ಟಿಕ್ ಕ್ಯಾಪ್ ಕಳೆದುಹೋಗಿದ್ದರೆ ಅಲ್ಲೂ ಹಚ್ಚಿ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಸೋರುತ್ತಿದೆ ಎನ್ನುವವರು ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು, ನೀರು ಹೋಗುವ ಡ್ರೈನ್ ಪೈಪಿನ ಬಾಯಿಗೆ ಲೀಕ್ ಡಿಟೆಕ್ಟರ್ ಹಿಡಿದು ತೋರಿಸಲಿ.

ಸೋರಿಕೆ ಸರಿಪಡಿಸಿ ಜಾಯಿಂಟಿನ ರಬ್ಬರ್ ಓ-ರಿಂಗ್ ಬದಲಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಲೇಬೇಕು, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವ ಹೊರತೆಗೆಯಬೇಕು. ಇಲ್ಲದಿದ್ದರೆ ಒಳಗುಳಿದ ತೇವ, ಗ್ಯಾಸ್ ಕಿರಿದಾಗಿ ಹಾಯುವ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ ಮಂಜುಗಡ್ಡೆಯಾಗಿ, ಹತ್ತಿಪ್ಪತ್ತು ನಿಮಿಷ ತಂಪು ಬಂದು ಮತ್ತೆ ಬಿಸಿಯಾಗುತ್ತದೆ. ಪಂಪ್ ನಿಲ್ಲಿಸಿ ಕಾಲು ಗಂಟೆ ಬಿಟ್ಟಾಗ ಗೇಜಿನ ಮುಳ್ಳು ಮೇಲೇಳಬಾರದು. ಎದ್ದರೆ ಗ್ಯಾಸ್ ಹಾಕಬೇಡಿ, ಸೋರಿಕೆ ಇನ್ನೂ ಇದೆ.

ಹಳೆಯ ಗ್ಯಾಸನ್ನು ‘ಸುಯ್’ ಎಂದು ಹೊರಬಿಡುವ ಪದ್ಧತಿಯಂತೂ ನಿಲ್ಲಲೇಬೇಕು. ಆರ್-134ಎ ಭೂಮಿಯ ತಾಪ ಹೆಚ್ಚಿಸುವುದರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಪ್ರಬಲ. 400 ಗ್ರಾಂ ಬಿಟ್ಟರೆ ಹೆಚ್ಚು ಕಡಿಮೆ 240 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹಾನಿ. ಇಂಥ ಗ್ಯಾಸುಗಳ ಬಳಕೆ ಇಳಿಸುವ 2016ರ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ. ಗ್ಯಾಸ್ ಹಿಂದಕ್ಕೆ ಎಳೆದುಕೊಳ್ಳುವ ರಿಕವರಿ ಮೆಷಿನ್ ಬಳಕೆಯನ್ನು ಐಟಿಐಗಳ ಮೋಟಾರ್ ಮೆಕ್ಯಾನಿಕ್ ವಿದ್ಯಾರ್ಥಿಗಳಿಗೆ ಕೈಯಾರೆ ಮಾಡಿಸಿ ಕಲಿಸಲಿ. ಸಣ್ಣ ಗ್ಯಾರೇಜಿನವರು ಅದನ್ನು ಕೊಳ್ಳಲು ಸರ್ಕಾರ ಸಹಾಯಧನ ಕೊಡಲಿ. ಎಷ್ಟು ಗ್ರಾಂ ಹೊರತೆಗೆದರು, ಎಷ್ಟು ಗ್ರಾಂ ತುಂಬಿದರು, ಸೋರಿಕೆ ಎಲ್ಲಿತ್ತು ಎಂಬ ಮೂರೂ ವಿವರಗಳನ್ನು ಗ್ರಾಹಕರು ಬಿಲ್ಲಿನಲ್ಲಿ ಬರೆಸಿಕೊಳ್ಳಲಿ.

– ಒಬ್ಬ ಕಾರ್ ಎ.ಸಿ. ಮೆಕ್ಯಾನಿಕ್, ಹುಬ್ಬಳ್ಳಿ