ವಿಮೆ ಅರ್ಜಿ: ಟಿಕ್ ಹಾಕುವವರು ಯಾರು?

ಮಾನ್ಯರೇ,

ವಿಮೆ ಒಪ್ಪಂದ ನಿಂತಿರುವುದೇ ಪೂರ್ತಿ ನಂಬಿಕೆಯ ಮೇಲೆ. ಕೇಳಿದ್ದಕ್ಕೆ ಗ್ರಾಹಕ ನಿಜ ಹೇಳಬೇಕು, ಕಂಪನಿ ಷರತ್ತು ಮುಚ್ಚಿಡಬಾರದು. ಆದರೆ ಎಷ್ಟೋ ಕಡೆ ಅರ್ಜಿ ತುಂಬುವವರು ಏಜೆಂಟರು. ಸಕ್ಕರೆ ಕಾಯಿಲೆ, ಬಿಪಿ, ಹಿಂದಿನ ಆಪರೇಷನ್, ಎಲ್ಲಕ್ಕೂ ‘ಇಲ್ಲ’ ಎಂದು ಟಿಕ್ ಹಾಕಿ, ‘ಇಲ್ಲೊಂದು ಸೈನ್ ಮಾಡಿ ಸಾರ್’ ಎನ್ನುತ್ತಾರೆ. ಸಾವಾದ ಮೇಲೆ ‘ಕಾಯಿಲೆ ಮುಚ್ಚಿಟ್ಟಿದ್ದಾರೆ’ ಎಂದು ಕಂಪನಿ ಹಣ ಕೊಡಲು ಒಪ್ಪದಿದ್ದಾಗ, ಅದೇ ಟಿಕ್ ಮನೆಯವರ ಕೊರಳಿಗೆ ಉರುಳಾಗುತ್ತದೆ. ಇದು ಅನ್ಯಾಯ ಅಲ್ವಾ?

1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಎಲ್ಲರಿಗೂ ಗೊತ್ತಿರಬೇಕು. 2015ರ ತಿದ್ದುಪಡಿಯ ನಂತರ, ಜೀವ ವಿಮೆ ಪಾಲಿಸಿಗೆ 3 ವರ್ಷ ತುಂಬಿದರೆ ಯಾವ ಕಾರಣಕ್ಕೂ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ನಿಂತುಹೋದ ಪಾಲಿಸಿಯನ್ನು ಮತ್ತೆ ಶುರು ಮಾಡಿಸಿದರೆ ಆ ದಿನದಿಂದ ಹೊಸ ಲೆಕ್ಕ. ಈ ಮಾತನ್ನು ಯಾರೂ ಜಾಸ್ತಿ ಹೇಳುವುದಿಲ್ಲ. 3 ವರ್ಷದೊಳಗೆ, ವಂಚನೆಯಲ್ಲದ ತಪ್ಪು ಮಾಹಿತಿಗಾಗಿ ಪಾಲಿಸಿ ರದ್ದಾದರೂ ಕಟ್ಟಿದ ಪ್ರೀಮಿಯಂ 90 ದಿನದಲ್ಲಿ ವಾಪಸ್ ಬರಬೇಕು. ಕಾರಣವನ್ನು ಬರಹದಲ್ಲೇ ಕೊಡಬೇಕು.

ಆರೋಗ್ಯದ ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿಯೇ ಸಹಿ ಪಡೆಯಲಿ. ತುಂಬಿದ ಅರ್ಜಿಯ ಪ್ರತಿಯನ್ನು ಅಂದೇ ಗ್ರಾಹಕರ ಕೈಗೆ ಕೊಡಲಿ.

– ಓದುಗ, ದಾವಣಗೆರೆ