ವಾಚನಾಲಯದ ಆ ಹಿರಿಯರಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಬಸ್ ಹತ್ತಿಬಿಟ್ಟಿರಿ ಸರ್. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮರುದಿನ ಮಗಳಿಗೆ ಪಿಯುಸಿ ಇತಿಹಾಸ ಪರೀಕ್ಷೆ. 1857ರದ್ದು ಬರೀ ಸಿಪಾಯಿ ದಂಗೆಯೋ, ಸ್ವಾತಂತ್ರ್ಯ ಸಂಗ್ರಾಮವೋ? ಅವಳ ಉತ್ತರ ಪೂರ್ತಿ ಒಂದೇ ಕಡೆ ವಾಲಿತ್ತು. ತಿದ್ದಲು ಬಾರದೆ ಕಣ್ಣು ತುಂಬಿಕೊಂಡು ಕೂತಿದ್ದಳು. ನನಗಂತೂ ಇತಿಹಾಸ ದೂರ.

ನೀವು ಪೇಪರ್ ಮಡಿಚಿಟ್ಟು, "ಒಂದು ಹಾಳೆ ಕೊಡು ಪುಟ್ಟಿ" ಅಂದಿರಿ, ಮೆಲ್ಲಗೆ. ನಡುವೆ ಗೆರೆ ಎಳೆದು ಪೆನ್ನು ಅವಳ ಕೈಗೇ ಕೊಟ್ಟಿರಿ. ಒಂದು ಕಡೆ ಕೊಬ್ಬು ಸವರಿದ ತೋಟಾ, ಸಂಬಳ, ಭತ್ಯೆಯ ಸಿಟ್ಟು. ಇನ್ನೊಂದು ಕಡೆ 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವಧ್ ರಾಜ್ಯವನ್ನು ನುಂಗಿದ್ದು, ಝಾನ್ಸಿ, ರೈತರು. "ನಮ್ಮ ಹಲಗಲಿ ಬೇಡರು ಸಿಪಾಯಿಗಳಾಗಿದ್ರಾ?" ಎಂದು ಕೇಳಿ ಸುಮ್ಮನಾದಿರಿ. ಅವಳೇ ಯೋಚಿಸಿ ಬರೆದಳು. ಸಿಖ್ ಸೈನಿಕರು ಕಂಪನಿ ಪರ ನಿಂತಿದ್ದನ್ನೂ ಸೇರಿಸಿದಳು.

"ಎರಡೂ ಸರಿ ಅಂತ ಜಾರಿಕೋಬೇಡ. ಕೊನೆಗೆ ನಿನ್ನ ತೀರ್ಮಾನ ಹೇಳು, ಕಾರಣ ಕೊಡು." ಇದು ನನಗೂ ಹೊಸದು!

ಆ ರಾತ್ರಿ ಅವಳು ಹೊಟ್ಟೆ ತುಂಬ ಉಂಡು ಮಲಗಿದಳು. ನಾನೂ ಅಷ್ಟೇ. ನಿಮ್ಮ ಪೆನ್ನು ನಮ್ಮಲ್ಲೇ ಉಳಿದಿತ್ತು ಸರ್. ವಾಚನಾಲಯದ ಮೇಜಿನಲ್ಲಿ ಕೊಟ್ಟಿದ್ದೇನೆ, ಕೇಳಿ ಇಸ್ಕೊಳ್ಳಿ.