ಅಸ್ಸೀರಿಯಾದ ಅರಸರ ಸಾಲಿನಲ್ಲಿ ಬಿಟ್ಟುಹೋದ ಹೆಸರು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇಂದಿನ ಉತ್ತರ ಇರಾಕಿನಲ್ಲಿ ತಲೆಯೆತ್ತಿದ ಪ್ರಾಚೀನ ಅಸ್ಸೀರಿಯಾ ಸಾಮ್ರಾಜ್ಯದ ಬಗ್ಗೆ ಬಂದ ಲೇಖನವು ಮೂರನೇ ಶಲ್ಮನೇಸರನಿಂದ ನೇರವಾಗಿ ಮೂರನೇ ತಿಗ್ಲತ್-ಪಿಲೇಸರನಿಗೆ ಹಾರಿ, ನಡುವಿನ ಸುಮಾರು ಎಂಟು ದಶಕಗಳನ್ನು ಅವನತಿಯ ಕಾಲವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದೆ. ಗೆದ್ದವರ ಕಥೆ ಓದಲು ಸೊಗಸು, ಒಪ್ಪುತ್ತೇನೆ. ಆದರೆ ಆ ಲೇಖನದಲ್ಲಿ ಕೊಟ್ಟಿರುವ ಇಸವಿಗಳಿಗೆ ಬಲವಾದ ಆಧಾರ ಒದಗಿರುವುದೇ ಈ ಬಿಟ್ಟುಹೋದ ಅವಧಿಯಲ್ಲಿ, ಮೂರನೇ ಅಶ್ಶೂರ್-ದಾನ್ ಎಂಬ ದುರ್ಬಲ ಅರಸನ ಆಳ್ವಿಕೆಯಲ್ಲಿ.

ಮೂರನೇ ಅದದ್-ನಿರಾರಿಯ ಮಗನಾದ ಈತ ಸಹೋದರ ನಾಲ್ಕನೇ ಶಲ್ಮನೇಸರನ ನಂತರ ಪಟ್ಟಕ್ಕೆ ಬಂದು ಕ್ರಿ.ಪೂ. 772ರಿಂದ 755ರವರೆಗೆ ಆಳಿದನು. ಅಧಿಕಾರ ಮಾತ್ರ ಬಹುಮಟ್ಟಿಗೆ ದೊಡ್ಡ ಅಧಿಕಾರಿಗಳ ಕೈಯಲ್ಲಿತ್ತು. ಮಹಾದಂಡನಾಯಕ ಶಂಶಿ-ಇಲು ಯೂಫ್ರಟಿಸ್ ದಂಡೆಯ ತಿಲ್ ಬರ್ಸಿಪ್‌ನಲ್ಲಿ ಕಲ್ಲಿನ ಸಿಂಹಗಳ ಮೇಲೆ ಉತ್ತರದ ನೆರೆರಾಜ್ಯ ಉರಾರ್ಟುವಿನ ವಿರುದ್ಧದ ತನ್ನ ಗೆಲುವನ್ನು ಕೆತ್ತಿಸಿದಾಗ, ತನ್ನ ಒಡೆಯನಾದ ಅರಸನ ಹೆಸರನ್ನೇ ಹೇಳಲಿಲ್ಲ ಎಂದರೆ ಸಿಂಹಾಸನದ ತೂಕ ಎಷ್ಟಿತ್ತೆಂದು ಊಹಿಸಬಹುದು.

ಅಸ್ಸೀರಿಯಾದಲ್ಲಿ ಪ್ರತಿ ವರ್ಷಕ್ಕೂ ಒಬ್ಬ ಉನ್ನತ ಅಧಿಕಾರಿಯ ಹೆಸರಿಡುವ ಪದ್ಧತಿಯಿತ್ತು. ಆ ಹೆಸರುಗಳನ್ನು ಅನುಕ್ರಮವಾಗಿ ಬರೆದಿಟ್ಟ ಜೇಡಿಮಣ್ಣಿನ ಫಲಕಗಳು ದೊರೆತಿದ್ದು, ಅವುಗಳಲ್ಲಿ ಕೆಲವು ವರ್ಷದ ಮುಖ್ಯ ಸಂಗತಿಯನ್ನೂ ಎರಡು ಮೂರು ಪದಗಳಲ್ಲಿ ದಾಖಲಿಸುತ್ತವೆ. ಅಶ್ಶೂರ್-ದಾನನ ವರ್ಷಗಳ ಸಾಲುಗಳನ್ನು ಓದುತ್ತಾ ಹೋದರೆ ಮರುಕವಾಗುತ್ತದೆ. 765ರಲ್ಲಿ ಸಿರಿಯಾದ ಹತರಿಕ್ಕದ ಮೇಲೆ ದಂಡಯಾತ್ರೆ, ಜೊತೆಗೆ ಸಾಂಕ್ರಾಮಿಕ ರೋಗ. 764ರ ಎದುರು 'ದೇಶದಲ್ಲೇ' ಎಂದಷ್ಟೇ ಇದೆ. ವರ್ಷವರ್ಷವೂ ದಂಡೆತ್ತಿ ಹೋಗಬೇಕೆಂದು ನಿರೀಕ್ಷೆಯಿದ್ದ ಅರಸನು ಆ ವರ್ಷ ಹೊರಡಲೇ ಇಲ್ಲ ಎಂದು ಅದರ ಅರ್ಥ. ಮುಂದೆ ಅಶ್ಶೂರ್ ನಗರದಲ್ಲಿ ಎರಡು ವರ್ಷ, ಇಂದಿನ ಕಿರ್ಕುಕ್ ಇರುವ ಅರ್ರಫಾದಲ್ಲಿ ಎರಡು ವರ್ಷ ದಂಗೆ. 759ರಲ್ಲಿ ಇಂದಿನ ಸಿರಿಯಾದಲ್ಲಿರುವ ಗುಜಾನದಲ್ಲಿ ದಂಗೆ, ಮತ್ತೆ ರೋಗ. 758ರಲ್ಲಿ ಗುಜಾನದ ಮೇಲೆ ದಂಡು ಹೋದ ಮೇಲಷ್ಟೇ 'ದೇಶದಲ್ಲಿ ಶಾಂತಿ' ಎಂಬ ಮಾತು ಕಾಣಿಸುತ್ತದೆ.

ಈ ಸಾಲುಗಳ ನಡುವೆ, ಗುಜಾನದ ಅಧಿಕಾರಿ ಬುರ್-ಸಗಲೆಯ ಹೆಸರಿನ ವರ್ಷದಲ್ಲಿ, ಅಶ್ಶೂರ್ ನಗರದ ದಂಗೆಯನ್ನು ಹೇಳಿದ ಬೆನ್ನಿಗೇ ಸಿಮಾನು ಮಾಸದಲ್ಲಿ (ಸುಮಾರು ಮೇ-ಜೂನ್) ಸೂರ್ಯಗ್ರಹಣವಾಯಿತು ಎಂದು ಬರೆದಿದೆ. ಹೆನ್ರಿ ರಾಲಿನ್‌ಸನ್ ಮುಂತಾದ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಗುರುತಿಸಿದ ಮೇಲೆ, ಖಗೋಳ ಗಣಿತದಿಂದ ಆ ಗ್ರಹಣ ಕ್ರಿ.ಪೂ. 763ರ ಜೂನ್ 15ರದೆಂದು ನಿಶ್ಚಯವಾಯಿತು. ಒಂದು ವರ್ಷ ಸ್ಥಿರವಾದರೆ ಹೆಸರುಗಳನ್ನು ಎಣಿಸುತ್ತಾ ಹಿಂದಕ್ಕೂ ಮುಂದಕ್ಕೂ ಹೋಗಬಹುದು: ಅಲ್ಲಿಂದ ತೊಂಬತ್ತು ಹೆಸರು ಹಿಂದಕ್ಕೆ ಸರಿದರೆ ದಯ್ಯಾನ್-ಅಶ್ಶೂರನ ವರ್ಷ, ಅಂದರೆ ಮೂರನೇ ಶಲ್ಮನೇಸರನು ಇಸ್ರೇಲಿನ ಅರಸ ಅಹಾಬನೂ ಸೇರಿದ್ದ ಒಕ್ಕೂಟವನ್ನು ಸಿರಿಯಾದ ಕರ್ಕರ್‌ನಲ್ಲಿ ಎದುರಿಸಿದ ಕ್ರಿ.ಪೂ. 853 ಸಿಗುತ್ತದೆ. ತಮ್ಮ ಲೇಖಕರು ವಿಸ್ತಾರವಾಗಿ ವರ್ಣಿಸಿರುವ ಆ ಕದನದ ಇಸವಿಗೆ ಆಧಾರ ಇದೇ. ದಾನದ ದಿನವನ್ನು ಸೂರ್ಯಗ್ರಹಣದೊಂದಿಗೆ ಹೇಳುವ ನಮ್ಮ ಕನ್ನಡ ಶಾಸನಗಳ ತೇದಿಗಳನ್ನು ಶಾಸನತಜ್ಞರು ಪರಿಶೀಲಿಸುವುದೂ ಇಂಥ ಗಣಿತದಿಂದಲೇ ಆದ್ದರಿಂದ, ಈ ವಿಧಾನ ನಮ್ಮ ಓದುಗರಿಗೆ ಹೊಸದಾಗಿ ತೋರಲಾರದು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಗ್ರಹಣವನ್ನು ಕಂಡು ಹೆದರಿದ ಜನ ಅರಸನ ಮೇಲೆ ತಿರುಗಿಬಿದ್ದರು ಎಂಬ ರೋಚಕ ವಿವರಣೆ ಅಲ್ಲಲ್ಲಿ ಕಾಣಸಿಗುತ್ತದೆ. ಅಸ್ಸೀರಿಯಾದವರು ಗ್ರಹಣವನ್ನು ಅರಸನಿಗೆ ಅಪಶಕುನವೆಂದು ಬಗೆಯುತ್ತಿದ್ದುದು ನಿಜವೇ. ಆದರೂ ಫಲಕದಲ್ಲಿ ದಂಗೆ ಮೊದಲು, ಗ್ರಹಣ ಅನಂತರ. ಒಂದರಿಂದ ಇನ್ನೊಂದಾಯಿತೆಂದು ಬರೆದವನು ಎಲ್ಲಿಯೂ ಹೇಳಿಲ್ಲ. ಮಹಾಮಾರಿಯಿಂದ ಬಳಲಿದ, ಪ್ರಾಂತಾಧಿಕಾರಿಗಳು ಅರಸನನ್ನು ಲೆಕ್ಕಕ್ಕಿಡದ ನಾಡಿನಲ್ಲಿ ದಂಗೆಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ.

ಲೇಖನಮಾಲೆಯ ಮುಂದಿನ ಕಂತಿನೊಡನೆ ಅರಸರ ಕಾಲಾನುಕ್ರಮಣಿಕೆಯನ್ನು ಮತ್ತೆ ಅಚ್ಚು ಹಾಕುವುದಾದರೆ ಮೂರನೇ ಅಶ್ಶೂರ್-ದಾನನ ಹೆಸರನ್ನೂ, ಅದರ ಎದುರು 763ರ ಗ್ರಹಣವನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಇತಿಹಾಸದ ನಿವೃತ್ತ ಅಧ್ಯಾಪಕ, ಧಾರವಾಡ